ಸುಣ್ಣ ಬಳಿಯದ ಒಂದು ಮೊಳ ಗೋಡೆ

ಮದುವೆ ಅಂದರೆ ನಮ್ಮ ಕಡೆ ಮೊದಲು ಮನೆಗೆ ಸುಣ್ಣ. ಹೋದ ಬೇಸಗೆಯಲ್ಲಿ ತುರುವೇಕೆರೆ ಕಡೆಯ ನಮ್ಮ ಚಿಕ್ಕಪ್ಪನ ಮಗಳ ಮದುವೆಗೆ ನಾಲ್ಕು ದಿನ ಮುಂಚೆಯೇ ಹೋಗಿದ್ದೆ. ನಡುಮನೆಯ ಸಾಮಾನೆಲ್ಲ ಜಗುಲಿಗೆ ಬಂದಿತ್ತು. ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ್ದ ಕಾಯಿಗಳನ್ನು ಮಾತ್ರ ಯಾರೂ ಅಲುಗಿಸಿರಲಿಲ್ಲ. ಅದರ ಕೆಳಗಿನ ಗೋಡೆಗೆ ಇಬ್ಬರು ಹುಡುಗರು ಸುಣ್ಣ ಬಳಿಯುತ್ತಿದ್ದರು. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು, “ಒಂದು ಮೂಲೆನೂ ಬಿಡಬ್ಯಾಡ್ರಪ್ಪ, ಬಂದೋರ ಕಣ್ಣು ಮೊದ್ಲು ಬೀಳೋದೇ ಬಿಟ್ಟ ಜಾಗಕ್ಕೆ” ಎನ್ನುತ್ತಿದ್ದರು.

ಆ ಮಾತಿಗೆ ನನಗೆ ಯಹೂದಿಗಳ ಮನೆ ನೆನಪಾಯಿತು. ಹೊಸ ಮನೆ ಕಟ್ಟಿದವನು ಗೋಡೆಗೆಲ್ಲ ಸುಣ್ಣ ಬಳಿದು, ಬಾಗಿಲಿಗೆ ಎದುರಾಗಿ ಒಂದು ಮೊಳ ಉದ್ದ ಒಂದು ಮೊಳ ಅಗಲದ ಜಾಗವನ್ನು ಬೋಳಾಗಿ ಬಿಡಬೇಕು ಎನ್ನುತ್ತದೆ ಅವರ ಧರ್ಮಶಾಸ್ತ್ರ. ಬಂದವರ ಕಣ್ಣು ಮೊದಲು ಅಲ್ಲಿಗೇ ಬೀಳಲಿ ಎಂದೇ ಹಾಗೆ ಬಿಡುವುದು. ಯಾಕೆ ಅಂದರೆ, ಜೆರುಸಲೇಮಿನ ನೆನಪಿಗೆ. ಮದುವೆಯ ದಿನ ಮಂತ್ರ, ಹಾರೈಕೆ ಎಲ್ಲ ಮುಗಿದು ಜನ ಇನ್ನೇನು ಕುಣಿಯಬೇಕು ಅನ್ನುವಾಗ ಮದುಮಗ ಒಂದು ಗಾಜಿನ ಲೋಟವನ್ನು ಕಾಲಡಿ ಇಟ್ಟು ತುಳಿದು ಒಡೆಯುತ್ತಾನೆ. ಅದೂ ಜೆರುಸಲೇಮಿನ ನೆನಪಿಗೆ. ಪಸ್ಕ ಹಬ್ಬದ ರಾತ್ರಿ ಊಟ ಮುಗಿದ ಮೇಲೆ, ಬರುವ ವರ್ಷ ಆ ಊರಿನಲ್ಲೇ ಸೇರುವಂತಾಗಲಿ ಎಂದು ಹಾರೈಸಿಕೊಳ್ಳುತ್ತಾರೆ. ದಿನಕ್ಕೆ ಮೂರು ಹೊತ್ತು ಪ್ರಾರ್ಥನೆಗೆ ಆ ಊರಿರುವ ದಿಕ್ಕಿಗೆ ತಿರುಗುತ್ತಾರೆ. ಸತ್ತವರ ಜೊತೆಗೆ, ಸಿಕ್ಕರೆ, ಆ ನೆಲದ ಒಂದು ಹಿಡಿ ಮಣ್ಣು ಇಡುತ್ತಾರೆ.

ತೆಂಗಿನ ಸೀಮೆಯವನಿಗೆ ಅಷ್ಟು ದೂರದ ಊರಿನ ಗೊಡವೆ ಯಾಕೆ ಎಂದು ಯಾರಾದರೂ ಕೇಳಬಹುದು. ನಮಗೂ ಒಂದು ಊರು ತಪ್ಪಿಹೋಗಿದೆ. ಅದರ ಹೆಸರನ್ನು ತಿಪಟೂರಿನ ರಸ್ತೆಗಳಲ್ಲಿ ದಿನಕ್ಕೆ ಹತ್ತು ಸಲ ಬೋರ್ಡುಗಳ ಮೇಲೆ ಓದುತ್ತೇವೆ: ಕಲ್ಯಾಣ. ಮದುವೆಗೆ ನಾವು ಬಳಸುವ ಈ ಮಾತು ಆ ಊರಿನಿಂದ ಬಂದದ್ದಲ್ಲ, ಸಂಸ್ಕೃತದ ಹಳೆಯ ಮಾತು. ಆದರೂ ಒಂದು ಮದುವೆಯ ದೆಸೆಯಿಂದ ಹಾಳಾದ ಊರಿನ ಹೆಸರೂ ಮದುವೆಯ ಮಂಟಪದ ಹೆಸರೂ ಒಂದೇ ಆಗಿರುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಬುಟ್ಟಿ ಹೊತ್ತು ಬಂದ ಒಕ್ಕಲು

ಜೆರುಸಲೇಮ್ ಬಂದರೂ ಅಲ್ಲ, ದೊಡ್ಡ ಹೊಳೆಯ ದಡದ ಊರೂ ಅಲ್ಲ. ಗುಡ್ಡದ ಮೇಲೆ, ಗೀಹೋನ್ ಎಂಬ ಬುಗ್ಗೆಯ ನೀರನ್ನು ನಂಬಿ ಬೆಳೆದ ಊರು. ಸುಮಾರು ಕ್ರಿ.ಪೂ. 1000ದಲ್ಲಿ ದಾವೀದ ಅದನ್ನು ಯೆಬೂಸಿಯರಿಂದ ಗೆದ್ದು ರಾಜಧಾನಿ ಮಾಡಿಕೊಂಡ ಎನ್ನುತ್ತದೆ ಬೈಬಲು. ಇಸ್ರಾಯೇಲಿನ 12 ಕುಲಗಳ ನಡುವೆ ನಾಡೆಲ್ಲ ಹಂಚಿಹೋದರೂ ಈ ಊರು ಮಾತ್ರ ಯಾವ ಕುಲದ ಪಾಲಿಗೂ ಬೀಳಲಿಲ್ಲ, ಎಲ್ಲರದ್ದಾಗಿ ಉಳಿಯಿತು ಎಂಬ ಮಾತು ಅವರ ಹಿರಿಯರಲ್ಲಿದೆ. ಅದರ ಪಾವಿತ್ರ್ಯದ ಬೇರು ಅಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ದಾವೀದನ ಮಗ ಸೊಲೊಮೋನ ಅಲ್ಲಿ ದೇವಾಲಯ ಕಟ್ಟಿಸಿದ. ಕ್ರಿ.ಪೂ. 586ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರ ಅದನ್ನು ಸುಟ್ಟು ಜನರನ್ನು ಸೆರೆ ಒಯ್ದ. ಪರ್ಷಿಯದ ಸೈರಸ್ ಕ್ರಿ.ಪೂ. 538ರಲ್ಲಿ ಮರಳಿ ಹೋಗಲು ಬಿಟ್ಟ ಮೇಲೆ ಎರಡನೆಯ ದೇವಾಲಯ ಎದ್ದಿತು. ಹೆರೋದ ರಾಜ ಅದನ್ನು ಹಿಗ್ಗಿಸಿ ಕಟ್ಟಿದ. ಇವತ್ತು ಯಹೂದಿಗಳು ಹಣೆ ಹಚ್ಚಿ ಪ್ರಾರ್ಥಿಸುವ ಪಶ್ಚಿಮದ ಗೋಡೆ ಅವನು ದೇವಾಲಯದ ಅಂಗಳಕ್ಕೆ ಕಟ್ಟಿಸಿದ ಆಸರೆಯ ಗೋಡೆ.

ಆ ದೇವಾಲಯ ಇದ್ದ ಕಾಲದಲ್ಲಿ ಒಬ್ಬ ರೈತ ಅಲ್ಲಿಗೆ ಹೇಗೆ ಹೋಗುತ್ತಿದ್ದ ಎಂಬುದನ್ನು ಸುಮಾರು ಕ್ರಿ.ಶ. 200ರಲ್ಲಿ ಸಂಗ್ರಹವಾದ ‘ಮಿಶ್ನಾ’ ವಿವರವಾಗಿ ಹೇಳುತ್ತದೆ. ತೋಟಕ್ಕೆ ಇಳಿದವನ ಕಣ್ಣಿಗೆ ಮೊದಲ ಅಂಜೂರ ಹಣ್ಣಾಗುತ್ತಿರುವುದು ಬಿದ್ದರೆ, ಮೊದಲ ದ್ರಾಕ್ಷಿ ಗೊಂಚಲು, ಮೊದಲ ದಾಳಿಂಬೆ ಕಂಡರೆ, ಅದಕ್ಕೆ ಜೊಂಡಿನ ಎಳೆಯೊಂದನ್ನು ಕಟ್ಟಿ ಇದು ದೇವರದ್ದು ಎಂದು ಗುರುತು ಮಾಡುತ್ತಿದ್ದ. ಆಮೇಲೆ ಸುತ್ತಲ ಊರಿನವರೆಲ್ಲ ಒಂದೆಡೆ ಸೇರಿ, ಕೋಡಿಗೆ ಚಿನ್ನದ ತಗಡು ಹೊದಿಸಿದ ಎತ್ತನ್ನು ಮುಂದೆ ಬಿಟ್ಟುಕೊಂಡು, ಕೊಳಲು ಊದಿಸಿಕೊಂಡು ಹೊರಡುತ್ತಿದ್ದರು. ಊರ ಹತ್ತಿರ ಬಂದಾಗ ಪಟ್ಟಣದ ಕುಶಲಕರ್ಮಿಗಳು ಕೈಕೆಲಸ ಬಿಟ್ಟು ಎದ್ದು ನಿಂತು, ಇಂಥ ಊರಿನವರೇ, ಬನ್ನಿ ಎಂದು ಎದುರುಗೊಳ್ಳುತ್ತಿದ್ದರು. ಸಿರಿವಂತರದ್ದು ಬೆಳ್ಳಿ ಬಂಗಾರದ ಬುಟ್ಟಿ, ಬಡವರದ್ದು ಬರಲಿನ ಬುಟ್ಟಿ. ದೇವಾಲಯದ ಗುಡ್ಡಕ್ಕೆ ಬಂದರೆ ಅಗ್ರಿಪ್ಪ ದೊರೆಯೂ ತನ್ನ ಬುಟ್ಟಿಯನ್ನು ತಾನೇ ಹೆಗಲ ಮೇಲೆ ಹೊರಬೇಕಿತ್ತು.

ಹೊಸ ಗಿಡದ ಮೊದಲ ಗೊನೆಯನ್ನು ದೇವರಿಗೆ ಮುಡಿಪಿಟ್ಟು, ಮುಂದಿನ ಗೊನೆಯಿಂದ ಲೆಕ್ಕ ಹಿಡಿಯುವ ನಮ್ಮವರಿಗೆ ಈ ಬುಟ್ಟಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪೂಜಾರಿಗೆ, ದೊರೆಗೆ ಪವಿತ್ರವಾದದ್ದಕ್ಕಿಂತ ಹೆಚ್ಚಾಗಿ ಆ ಊರು ಒಕ್ಕಲಿನವನಿಗೆ ಪವಿತ್ರವಾಗಿತ್ತು. ಅವನ ದುಡಿಮೆ ಹೋಗಿ ಮುಟ್ಟುವ ಜಾಗ ಅದು.

ಕ್ರಿ.ಶ. 70ರಲ್ಲಿ ರೋಮಿನ ಟೈಟಸ್ ಆ ಜಾಗವನ್ನೇ ಸುಟ್ಟ. ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ರೋಮಿನ ಸೈನಿಕರು ಹೊತ್ತು ಮೆರೆಸುವ ಕೆತ್ತನೆ ರೋಮಿನಲ್ಲಿ ಟೈಟಸನ ಕಮಾನಿನೊಳಗೆ ಇಂದಿಗೂ ಇದೆ. 135ರಲ್ಲಿ ಇನ್ನೊಂದು ದಂಗೆ ಮುರಿದ ಮೇಲೆ ಹೇಡ್ರಿಯನ್ ಚಕ್ರವರ್ತಿ ಊರಿನ ಹೆಸರನ್ನೇ ಬದಲಿಸಿ, ಯಹೂದಿಗಳು ಅತ್ತ ಕಾಲಿಡದಂತೆ ಮಾಡಿದ. 333ರಲ್ಲಿ ಫ್ರಾನ್ಸಿನ ಬೋರ್ಡೊ ಕಡೆಯಿಂದ ಬಂದ ಒಬ್ಬ ಕ್ರೈಸ್ತ ಯಾತ್ರಿಕ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ: ಯಹೂದಿಗಳು ವರ್ಷಕ್ಕೊಂದು ಸಲ ಬರುತ್ತಾರೆ, ತೂತಾದ ಒಂದು ಕಲ್ಲಿಗೆ ಎಣ್ಣೆ ಹಚ್ಚುತ್ತಾರೆ, ಗೋಳಾಡಿ ಬಟ್ಟೆ ಹರಿದುಕೊಂಡು ಹೊರಟುಹೋಗುತ್ತಾರೆ.

ಈಗ ಗುರುತು ಕಟ್ಟಿದ ಮೊದಲ ಹಣ್ಣನ್ನು ಎಲ್ಲಿಗೆ ಒಯ್ಯುವುದು?

ಆ ಪ್ರಶ್ನೆಗೆ ಉತ್ತರ ಬಂದದ್ದು ಒಂದು ಹೆಣದ ಪೆಟ್ಟಿಗೆಯೊಳಗಿಂದ. ಮುತ್ತಿಗೆಯ ಒಳಗೆ ಸಿಕ್ಕಿಕೊಂಡಿದ್ದ ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಮುದಿ ಗುರುವನ್ನು ಶಿಷ್ಯರಿಬ್ಬರು ಸತ್ತವನಂತೆ ಪೆಟ್ಟಿಗೆಯಲ್ಲಿ ಮಲಗಿಸಿ ಕೋಟೆಯ ಹೊರಗೆ ಹೊತ್ತುಕೊಂಡು ಹೋದರಂತೆ. ಅವನು ರೋಮಿನ ದಂಡನಾಯಕ ವೆಸ್ಪಾಸಿಯನ್‌ನ ಮುಂದೆ ನಿಂತು ಕೇಳಿದ್ದು ಯವ್ನೆ ಎಂಬ ಸಣ್ಣ ಊರನ್ನು, ಅಲ್ಲಿನ ಪಂಡಿತರನ್ನು. ದೇವಾಲಯವನ್ನು ಕೇಳಲಿಲ್ಲ. ಯವ್ನೆಯಲ್ಲಿ ಕೂತು ಅವನು ಮಾಡಿದ ಕಟ್ಟಳೆಗಳಲ್ಲಿ ಒಂದು ನಮ್ಮ ಸೀಮೆಯವರಿಗೆ ತಕ್ಷಣ ತಿಳಿಯುವಂಥದ್ದು. ಪರ್ಣಶಾಲೆಗಳ ಹಬ್ಬದಲ್ಲಿ ಅವರು ಖರ್ಜೂರದ ಸುಳಿಯನ್ನು, ಗರಿ ಬಿಚ್ಚುವ ಮುಂಚಿನ ನೆಟ್ಟನೆಯ ಎಳೆ ಸುಳಿಯನ್ನೇ, ಮಾದಲ ಹಣ್ಣಿನ ಜೊತೆ ಕೈಯಲ್ಲಿ ಹಿಡಿಯುತ್ತಾರೆ. ದೇವಾಲಯದಲ್ಲಿ ಇದನ್ನು ಏಳು ದಿನ ಹಿಡಿಯುತ್ತಿದ್ದರು, ಹೊರಗಿನ ಊರುಗಳಲ್ಲಿ ಒಂದೇ ದಿನ. ಇನ್ನು ಮೇಲೆ ಎಲ್ಲ ಊರಲ್ಲೂ ಏಳು ದಿನ ಹಿಡಿಯಿರಿ ಎಂದ ಯೋಹಾನಾನ್. ದೇವಾಲಯದ ಏಳು ದಿನ ಎಲ್ಲರ ಕೈಗೂ ಬಂತು.

ಆ ಪೆಟ್ಟಿಗೆ ಹೊತ್ತವರಲ್ಲಿ ಒಬ್ಬನ ಹೆಸರು ಯೆಹೋಶುವ. ದೇವಾಲಯ ಸುಟ್ಟ ಮೇಲೆ ಎಷ್ಟೋ ಜನ ಮಾಂಸ ಬಿಟ್ಟರು, ದ್ರಾಕ್ಷಾರಸ ಬಿಟ್ಟರು. ಬಲಿಪೀಠಕ್ಕೆ ಇಲ್ಲದ್ದು ನಮ್ಮ ಬಾಯಿಗೆ ಯಾಕೆ ಎಂಬುದು ಅವರ ದುಃಖ. ಹಾಗಾದರೆ ರೊಟ್ಟಿಯೂ ಬೇಡ, ಅದರ ನೈವೇದ್ಯವೂ ನಿಂತಿದೆಯಲ್ಲ ಎಂದ ಯೆಹೋಶುವ. ಹಣ್ಣೂ ಬೇಡ, ಮೊದಲ ಹಣ್ಣಿನ ಬುಟ್ಟಿಯೂ ನಿಂತಿದೆ. ನೀರೂ ಬೇಡ. ಅವರು ಸುಮ್ಮನಾದರು. ಆಗ ಅವನು ಹೇಳಿದ ಮಾತಿನ ಸಾರ ಇಷ್ಟು: ದುಃಖವನ್ನೇ ಪಡದಿರುವುದು ಆಗದ ಮಾತು, ತಡೆಯಲಾರದಷ್ಟು ಪಡುವುದೂ ಆಗದ ಮಾತು, ಮನೆ ಕಟ್ಟಿ, ಸುಣ್ಣ ಬಳಿಯಿರಿ, ಒಂದಿಷ್ಟು ಜಾಗ ಬಿಡಿ. ಆ ಒಂದು ಮೊಳ ಬೋಳು ಗೋಡೆಯನ್ನು ಲೋಕಕ್ಕೆ ಕೊಟ್ಟವನು ಗುರುವನ್ನು ಹೆಗಲ ಮೇಲೆ ಹೊತ್ತು ಸುಡುವ ಊರಿನಿಂದ ಹೊರಗೆ ನಡೆದವನು.

ಎರಡು ಊಟದ ಮನೆಗಳು

ಊರು ಯಾಕೆ ಹಾಳಾಯಿತು ಎಂದು ತಮ್ಮನ್ನೇ ಕೇಳಿಕೊಳ್ಳುವುದು ಸೋತ ಜನ ಮಾಡುವ ಅತಿ ಕಷ್ಟದ ಕೆಲಸ. ರೋಮಿನ ಸೇನೆ ದೊಡ್ಡದಿತ್ತು ಎಂದು ಮುಗಿಸಬಹುದಿತ್ತು. ಯಹೂದಿ ಪಂಡಿತರು ಹಾಗೆ ಮುಗಿಸಲಿಲ್ಲ. ತಾಲ್ಮುಡ್‌ನಲ್ಲಿ ಅವರು ಹೇಳಿಕೊಂಡ ಕಾರಣ ತಮ್ಮೊಳಗಿನ ವೃಥಾ ದ್ವೇಷ. ಅದಕ್ಕೊಂದು ಕತೆಯೂ ಇದೆ, ಅದು ನಡೆಯುವುದು ಊಟದ ಮನೆಯಲ್ಲಿ.

ಜೆರುಸಲೇಮಿನಲ್ಲಿ ಒಬ್ಬ ಸಿರಿವಂತ. ಕಮ್ಸಾ ಎಂಬವನು ಅವನ ಗೆಳೆಯ, ಬರ್ ಕಮ್ಸಾ ಎಂಬವನು ಹಗೆ. ಔತಣಕ್ಕೆ ಕಮ್ಸಾನನ್ನು ಕರೆದು ಬಾ ಎಂದರೆ ಆಳು ಹೆಸರು ತಪ್ಪಿ ಬರ್ ಕಮ್ಸಾನನ್ನು ಕರೆದ. ಹಳೆಯ ಹಗೆ ತೀರಿತೇನೋ ಎಂದು ಅವನು ಬಂದು ಕೂತ. ಒಡೆಯ ನೋಡಿದ, ಏಳು ಎಂದ. ಬಂದಾಗಿದೆ, ನಾಲ್ಕು ಜನರ ಮುಂದೆ ಎಬ್ಬಿಸಬೇಡ, ನಾನು ತಿಂದದ್ದಕ್ಕೆ ದುಡ್ಡು ಕೊಡುತ್ತೇನೆ ಎಂದ ಬರ್ ಕಮ್ಸಾ. ಆಗಲ್ಲ. ಔತಣದ ಅರ್ಧ ಖರ್ಚು ಕೊಡುತ್ತೇನೆ. ಆಗಲ್ಲ. ಪೂರ್ತಿ ಖರ್ಚು ನನ್ನದೇ. ಒಡೆಯ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಹಾಕಿದ. ಅದೇ ಸಾಲಿನಲ್ಲಿ ಊರಿನ ಪಂಡಿತರು ಊಟಕ್ಕೆ ಕೂತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಆ ಸುಮ್ಮನಿರುವಿಕೆಯೇ ಬರ್ ಕಮ್ಸಾನ ಎದೆ ಸುಟ್ಟಿತು. ಅವನು ರೋಮಿಗೆ ಹೋಗಿ ದೂರಿತ್ತ, ಅಲ್ಲಿಂದ ಊರಿನ ಕೇಡು ಶುರುವಾಯಿತು ಎನ್ನುತ್ತದೆ ಕತೆ. ಇದನ್ನು ಬರೆದಿಟ್ಟವರು ಪಂಡಿತರೇ. ತಮ್ಮ ವರ್ಗದ ಮೌನವನ್ನು ತಮ್ಮ ಗ್ರಂಥದಲ್ಲೇ ಹೆಸರಿಸಿದ ಆ ಪ್ರಾಮಾಣಿಕತೆಗೆ ನಾನು ಕೈ ಮುಗಿಯುತ್ತೇನೆ. ಪಂಕ್ತಿಯಿಂದ ಒಬ್ಬನನ್ನು ಎಬ್ಬಿಸುವುದು, ಉಳಿದವರು ಎಲೆ ನೋಡಿಕೊಂಡು ಕೂರುವುದು ನಮ್ಮ ಸೀಮೆಯಲ್ಲಿ ಕತೆಯಲ್ಲ. ನಮ್ಮ ಅಜ್ಜನ ಕಾಲದ ಜಾತ್ರೆ, ತಿಥಿ, ಮದುವೆಗಳಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಕೊನೆಯ ಪಂಕ್ತಿಗೂ ಕಾಯದೆ ಹೊರಗಿಂದಲೇ ಇಸಕೊಂಡು ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು.

ಇನ್ನು ನಮ್ಮ ಊರು. ಕಲ್ಯಾಣ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, 11ನೇ ಶತಮಾನದಲ್ಲಿ ಚಾಲುಕ್ಯರ ರಾಜಧಾನಿ. 12ನೇ ಶತಮಾನದ ನಡುವೆ ಕಳಚುರಿ ಬಿಜ್ಜಳ ಅದನ್ನು ಕೈಗೆ ತೆಗೆದುಕೊಂಡ. ಅವನ ಭಂಡಾರಿಯಾಗಿದ್ದ ಬಸವಣ್ಣನ ಸುತ್ತ ಅಂಬಿಗ, ಮಡಿವಾಳ, ಮಾದಾರ, ಡೋಹರ, ಬ್ರಾಹ್ಮಣ ಎನ್ನದೆ ಶರಣರು ಬಂದು ಸೇರಿದರು. ಯಾವ ಕುಲದ ಪಾಲಿಗೂ ಬೀಳದ ಊರು ಎಂದು ಯಹೂದಿಗಳು ತಮ್ಮ ಊರನ್ನು ಕೊಂಡಾಡಿದರಲ್ಲ, ಅದೇ ಮಾತು ಕೆಲವೇ ವರ್ಷ ಕಲ್ಯಾಣಕ್ಕೂ ಸಲ್ಲುತ್ತಿತ್ತು. ಆಮೇಲೆ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು. ಬೀಗರಿಬ್ಬರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಹೂಟೆ ಮಾಡಿಸಿದರು ಎನ್ನುತ್ತವೆ ಶರಣ ಪುರಾಣಗಳು. 1167ರ ಆಸುಪಾಸು ಬಿಜ್ಜಳನ ಕೊಲೆಯಾಯಿತು. ಬಸವಣ್ಣ ಅಷ್ಟರಲ್ಲಿ ಕೂಡಲಸಂಗಮಕ್ಕೆ ಹೋಗಿದ್ದ. ಚನ್ನಬಸವಣ್ಣ, ಅಕ್ಕನಾಗಮ್ಮ ಮತ್ತವರ ಜೊತೆಯ ಶರಣರು ವಚನದ ಕಟ್ಟುಗಳನ್ನು ಹೊತ್ತು ಕಾಡು ಹಿಡಿದು ಉಳವಿಯತ್ತ ನಡೆದರು.

ಅದೇ ಕಾಲದಲ್ಲಿ ಜೆರುಸಲೇಮ್ ಶಿಲುಬೆಯ ಯೋಧರ ಕೈಯಲ್ಲಿತ್ತು, 1099ರಿಂದ 1187ರವರೆಗೆ. ಯಹೂದಿಗಳ ದೊಡ್ಡ ತತ್ವಜ್ಞಾನಿ ಮೈಮಾನಿಡಿಸ್ 1165ರ ಅಕ್ಟೋಬರಿನಲ್ಲಿ ಅಲ್ಲಿಗೆ ಹೋಗಿ ಪ್ರಾರ್ಥಿಸಿ, ಆ ದಿನವನ್ನು ಬಾಳೆಲ್ಲ ಹಬ್ಬದ ಹಾಗೆ ಆಚರಿಸುವ ಹರಕೆ ಹೊತ್ತ. ಕಲ್ಯಾಣ ಕೆಡಲು ಇನ್ನು ಎರಡೇ ವರ್ಷ ಉಳಿದಿತ್ತು. ಅದಕ್ಕೂ ಮುಂಚೆ, ಇಲ್ಲೇ ಮಂಗಳೂರಿನಲ್ಲಿ, ಟ್ಯುನೀಷಿಯ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. 1132ರಲ್ಲಿ ಅವನು ಆಶು ಎಂಬ ತನ್ನ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವಳನ್ನೇ ಮದುವೆಯಾದ ಎಂಬುದು ಆ ಕಾಗದಗಳನ್ನು ಓದಿದ ವಿದ್ವಾಂಸರ ನಂಬಿಕೆ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಹಾಕಬಾರದೆಂದು ಕೈರೋದ ಯಹೂದಿಗಳು ಕೋಣೆಯೊಂದರಲ್ಲಿ ತುಂಬಿಟ್ಟ ರಾಶಿಯಲ್ಲಿ ಅವನ ಪತ್ರಗಳು ಉಳಿದವು. ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಆಳು ‘ಬೊಮ್ಮ’ನ ಹೆಸರೂ ಅದರಲ್ಲಿದೆ. ಅಮಿತಾವ್ ಘೋಷ್ 1992ರಲ್ಲಿ ಪುಸ್ತಕ ಬರೆದದ್ದು ಈ ಬೊಮ್ಮನ ಜಾಡು ಹಿಡಿದೇ. ಬೆನ್ ಯಿಜು ಮಂಗಳೂರಿನ ಮನೆಯಲ್ಲಿ ಪ್ರಾರ್ಥನೆಗೆ ನಿಂತಾಗ ಅರಬ್ಬೀ ಕಡಲಿನತ್ತ ಮುಖ ಮಾಡಿಯೇ ನಿಲ್ಲಬೇಕಿತ್ತು.

ತೋಟದ ಯವ್ನೆ

ಕಲ್ಯಾಣಕ್ಕೂ ಒಂದು ಯವ್ನೆ ಸಿಕ್ಕಿತು. ಅದು ಸಿಕ್ಕಿದ್ದು ನಮ್ಮ ತೆಂಗಿನ ಸೀಮೆಯಲ್ಲಿ, ಕಲ್ಯಾಣದಿಂದ 500 ಕಿಲೋಮೀಟರಿಗೂ ದೂರದಲ್ಲಿ. ತುರುವೇಕೆರೆಯಿಂದ ಮಾಯಸಂದ್ರ ದಾಟಿ ಹೆದ್ದಾರಿಗೆ ಬಂದರೆ ಯಡಿಯೂರು. ಅದಕ್ಕೆ ಹತ್ತಿರದಲ್ಲೇ ನಾಗಿನಿ ನದಿಯ ದಡದ ಕಗ್ಗೆರೆ. 15ನೇ ಶತಮಾನದ ಕೊನೆಯ ಹೊತ್ತಿಗೆ ಹರದನಹಳ್ಳಿಯ ಕಡೆಯಿಂದ ಬಂದ ಸಿದ್ಧಲಿಂಗ ಯತಿಗಳು ಅಲ್ಲಿನ ಒಂದು ತೋಟದಲ್ಲಿ ತಪಸ್ಸಿಗೆ ಕೂತರು, ಮೈಮೇಲೆ ಹುತ್ತ ಬೆಳೆಯಿತು ಎನ್ನುತ್ತಾರೆ. ಅದಕ್ಕೇ ಅವರು ತೋಂಟದ ಸಿದ್ಧಲಿಂಗರು. ಜೊತೆಯಲ್ಲಿ 701 ವಿರಕ್ತರಿದ್ದರು ಎಂಬುದು ಪರಂಪರೆಯ ಮಾತು. ಅವರು ಬರೆದ ‘ಷಟ್‌ಸ್ಥಲ ಜ್ಞಾನಸಾರಾಮೃತ’ದ ವಚನಗಳೂ 701.

ವಚನಗಳನ್ನು ಹುಡುಕಿ, ನಕಲು ಮಾಡಿ, ಜೋಡಿಸುವ ಕೆಲಸ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಶುರುವಾಗಿತ್ತು, ಈ ತೋಟದ ನೆರಳಿನಲ್ಲಿ ಅದು ಮತ್ತೆ ಚಿಗುರಿತು. ಕಲ್ಯಾಣದ ಅನುಭವಮಂಟಪವನ್ನು ಮಾತುಕತೆಯಾಗಿ ಮರಳಿ ಕಟ್ಟಿದ ‘ಶೂನ್ಯಸಂಪಾದನೆ’ಗೆ ನಾಲ್ಕನೆಯ ಹಾಗೂ ಕೊನೆಯ ರೂಪ ಕೊಟ್ಟ ಗೂಳೂರು ಸಿದ್ಧವೀರಣ್ಣೊಡೆಯರು ಇದೇ ಪರಂಪರೆಯವರು, ಅವರ ಗೂಳೂರು ತುಮಕೂರಿಗೆ ಅಂಟಿಕೊಂಡೇ ಇದೆ. ಅದನ್ನು ತೆರೆದರೆ ಅಲ್ಲಮ, ಬಸವಣ್ಣ, ಅಕ್ಕ, ಮುಕ್ತಾಯಕ್ಕ ಎದುರುಬದುರು ಕೂತು ವಾದ ಮಾಡುತ್ತಾರೆ. ಊರು ಹೋಗಿ ಆಗಲೇ 300 ವರ್ಷವಾಗಿತ್ತು. ಮಂಟಪದ ಒಂದು ಕಂಬವನ್ನೂ ಕಣ್ಣಾರೆ ಕಾಣದವರು ಅದರೊಳಗಿನ ದನಿಗಳನ್ನು ಓಲೆಗರಿಯ ಮೇಲೆ ಕೂಡಿಸಿದರು.

ಇಲ್ಲಿ ಕೊಬ್ಬರಿಯ ಮಾತು ಬಂದೇ ಬರುತ್ತದೆ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗುತ್ತದೆ, ತಿರುಳು ಕರಟದಿಂದ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಡಗಡ ಸದ್ದು. ಸುಲಿದು, ಕರಟಕ್ಕೆ ಹದವಾಗಿ ಏಟು ಹಾಕಿದರೆ ಉಂಡೆ ಕೊಬ್ಬರಿ ಒಂದು ಬಿರುಕೂ ಇಲ್ಲದೆ ಕೈಗೆ ಬರುತ್ತದೆ. ತಿಪಟೂರು ಮಾರುಕಟ್ಟೆಯ ಹೆಸರು ನಿಂತಿರುವುದು ಈ ಕಾಯುವಿಕೆಯ ಮೇಲೆ. ಶೂನ್ಯಸಂಪಾದನೆಯನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಅಟ್ಟದ ಆ ಗಡಗಡ ಕೇಳಿಸುತ್ತದೆ: ಕಲ್ಯಾಣದ ಕರಟ ಒಡೆದಿತ್ತು, ತಿರುಳು ಇಡಿಯಾಗಿ ಉಳಿದಿತ್ತು.

ಹೀಗೆ ಒಳಗಿನದನ್ನು ಉಳಿಸಿಕೊಂಡವರಲ್ಲಿ ಭಾರತದ ಯಹೂದಿಗಳಿಗೂ ತೆಂಗಿಗೂ ಹತ್ತಿರದ ನಂಟು. ಕೊಚ್ಚಿಯವರ ಹಿರಿಯರು ಮೊದಲು ಇದ್ದದ್ದು ಕೊಡುಂಗಲ್ಲೂರಿನಲ್ಲಿ, ಸುಮಾರು ಕ್ರಿ.ಶ. 1000ದಲ್ಲಿ ಚೇರ ದೊರೆ ಭಾಸ್ಕರ ರವಿವರ್ಮ ಅವರ ಮುಖಂಡ ಜೋಸೆಫ್ ರಬ್ಬಾನನಿಗೆ 72 ಮರ್ಯಾದೆಗಳನ್ನು ತಾಮ್ರಶಾಸನದಲ್ಲಿ ಬರೆದುಕೊಟ್ಟಿದ್ದ. 16ನೇ ಶತಮಾನದಲ್ಲಿ ಆ ಊರನ್ನೂ ಬಿಡಬೇಕಾಗಿ ಬಂದಾಗ ಕೊಡುಂಗಲ್ಲೂರು ಅವರ ಹಾಡು ಕತೆಗಳಲ್ಲಿ ಎರಡನೆಯ ಜೆರುಸಲೇಮ್ ಆಯಿತು. ಪರ್ಣಶಾಲೆಗಳ ಹಬ್ಬಕ್ಕೆ ಅವರು ಹಾಕುತ್ತಿದ್ದದ್ದು ನಮ್ಮ ಮದುವೆಮನೆಯ ಹಾಗೆ ತೆಂಗಿನ ಗರಿಯ ಚಪ್ಪರ. ಕೊಂಕಣದ ಬೆನೆ ಇಸ್ರಾಯೇಲರು ಎಣ್ಣೆ ಗಾಣದವರು. ಶನಿವಾರ ಗಾಣಕ್ಕೆ ಕೈ ಹಚ್ಚದ ಕಾರಣ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎನ್ನುತ್ತಿದ್ದರು. ಬಹುಕಾಲ ಬುಧವಾರ, ಶನಿವಾರವೇ ಕೊಬ್ಬರಿ ಹರಾಜು ನಡೆದ ತಿಪಟೂರಿನವರಿಗೆ ಶನಿವಾರ ಕೈಕಟ್ಟಿ ಕೂರುವ ಗಾಣಿಗ ವಿಚಿತ್ರವಾಗಿ ಕಂಡಾನು. ಮದುವೆಯಂಥ ಶುಭಕಾರ್ಯ ಬಂದರೆ ಅವರು ಪ್ರವಾದಿ ಎಲೀಯನಿಗೆ ‘ಮಲೀದಾ’ ಎಡೆ ಇಡುತ್ತಾರೆ: ನೆನೆಸಿದ ಅವಲಕ್ಕಿ, ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ, ತುರಿದ ತೆಂಗಿನಕಾಯಿ, ಸುತ್ತ ಹಣ್ಣು.

ಇವರು 1948ರ ನಂತರ ಸಾವಿರಾರು ಸಂಖ್ಯೆಯಲ್ಲಿ ಇಸ್ರೇಲಿಗೆ ಹೋದರು. ಎಷ್ಟೋ ತಲೆಮಾರು ಹಾರೈಸಿದ ಊರಿಗೆ ಕೊನೆಗೂ ಹೋಗಿ ಸೇರಿದರು. ಅಲ್ಲಿ ಕಾದಿದ್ದದ್ದು ಮದುವೆಯ ಪ್ರಶ್ನೆ. ಬೆನೆ ಇಸ್ರಾಯೇಲರು ಬೇರೆ ಯಹೂದಿಗಳನ್ನು ಮದುವೆಯಾಗಬೇಕಾದರೆ ಅವರ ವಂಶವನ್ನು ಹಲವು ತಲೆಮಾರು ಹಿಂದಿನವರೆಗೆ ವಿಚಾರಿಸಬೇಕು ಎಂದು 1962ರಲ್ಲಿ ಅಲ್ಲಿನ ಮುಖ್ಯ ಧರ್ಮಪೀಠ ಸುತ್ತೋಲೆ ಹೊರಡಿಸಿತು. ಜೆರುಸಲೇಮಿಗಾಗಿ ಪ್ರತಿ ಮದುವೆಯಲ್ಲೂ ಮಿಡಿದವರು ಜೆರುಸಲೇಮಿನ ಬೀದಿಯಲ್ಲೇ ಧರಣಿ ಕೂರಬೇಕಾಯಿತು. 1964ರಲ್ಲಿ ಇಸ್ರೇಲಿನ ಸಂಸತ್ತು ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಸಾರಿದ ಮೇಲೆ ಸುತ್ತೋಲೆಯಿಂದ ಅವರ ಹೆಸರನ್ನು ತೆಗೆದರು. ಬರ್ ಕಮ್ಸಾನನ್ನು ಎಬ್ಬಿಸಿದ ಔತಣದ ಮನೆಯಲ್ಲಿ ಪಂಡಿತರು ಬಾಯಿ ಬಿಡಲಿಲ್ಲ. ಈ ಸಲ ಎಬ್ಬಿಸಲು ಬಂದಾಗ ಕೂತವರು ಜಗ್ಗಲಿಲ್ಲ.

ಯಹೂದಿ ಹಿರಿಯರು ಎರಡು ಜೆರುಸಲೇಮ್ ಎನ್ನುತ್ತಾರೆ, ಮೇಲಿನದು ಒಂದು, ಕೆಳಗಿನದು ಒಂದು. ಮೇಲಿನದಕ್ಕೆ ಗಡಿ ಇಲ್ಲ. ಕೆಳಗಿನದರಲ್ಲಿ ಕಲ್ಲು, ಬೀದಿ, ಬಾಡಿಗೆ, ಬಂದೂಕು ಎಲ್ಲವೂ ಇವೆ, ಬೇರೆಯವರ ನೆನಪುಗಳೂ ಇವೆ. ಕ್ರೈಸ್ತರಿಗೆ ಅದು ಯೇಸುವಿನ ಶಿಲುಬೆ, ಸಮಾಧಿಗಳ ಊರು. ಮುಸ್ಲಿಮರು ಮೆಕ್ಕಾಕ್ಕಿಂತ ಮೊದಲು ನಮಾಜಿಗೆ ಮುಖ ಮಾಡುತ್ತಿದ್ದದ್ದು ಆ ಕಡೆಗೇ. 691ರ ವೇಳೆಗೆ ಎದ್ದ ಚಿನ್ನದ ಗುಮ್ಮಟ ಆ ಊರಿನ ಗುರುತೇ ಆಗಿಹೋಗಿದೆ. ಪಂಜಾಬಿನ ಬಾಬಾ ಫರೀದ್ ಸುಮಾರು 1200ರಲ್ಲಿ ಬಂದು ತಪಸ್ಸು ಮಾಡಿದರು ಎನ್ನುವ ಜಾಗದಲ್ಲಿ, ಹೆರೋದನ ಬಾಗಿಲ ಬಳಿ, ಇಂದಿಗೂ ಭಾರತೀಯರ ಛತ್ರವಿದೆ. 1948ರಲ್ಲಿ ಎರಡಾಗಿ ಸೀಳಿದ ಜೆರುಸಲೇಮನ್ನು 1967ರ ಜೂನಿನ ಯುದ್ಧದಲ್ಲಿ ಇಸ್ರೇಲ್ ಪೂರ್ತಿ ಹಿಡಿದುಕೊಂಡಿತು. 1948ರಲ್ಲಿ ಮನೆ ಬಿಟ್ಟು ಓಡಿದ ಪ್ಯಾಲೆಸ್ತೀನಿ ಕುಟುಂಬಗಳು ಆ ಮನೆಗಳ ಬೀಗದ ಕೈಯನ್ನು ಇವತ್ತಿಗೂ ಮಕ್ಕಳ ಕೈಗೆ ದಾಟಿಸುತ್ತಿವೆ. ಬೋಳು ಗೋಡೆಯನ್ನು 1,900 ವರ್ಷ ನೋಡುತ್ತ ಬಾಳಿದವರಿಗೆ ಆ ಬೀಗದ ಕೈಯ ಭಾರ ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿಯಬೇಕು ಎಂದು ನಾನು ಮನಸಾರೆ ನಂಬಿದ್ದೇನೆ.

ನಮ್ಮ ಕೆಳಗಿನ ಕಲ್ಯಾಣಕ್ಕೂ ಈಗ ಕೆಲಸ ಜೋರು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವಮಂಟಪಕ್ಕೆ ಅಡಿಗಲ್ಲು ಬಿತ್ತು. ಹುಳಿಯಾರಿನಿಂದ ಆಚೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಸ್ವಾಮೀಜಿ 2019ರ ಆಗಸ್ಟ್ ಪೂರ್ತಿ ‘ಮತ್ತೆ ಕಲ್ಯಾಣ’ ಎಂದು ಜಿಲ್ಲೆ ಜಿಲ್ಲೆ ತಿರುಗಿದರು. ಆ ಹೆಸರು ಕೇಳಿದಾಗ ನನಗೆ ಪಸ್ಕದ ರಾತ್ರಿಯ ಹಾರೈಕೆಯೇ ಕೇಳಿಸಿತ್ತು. ಆದರೆ ಕಲ್ಯಾಣ ಕೆಟ್ಟದ್ದು ಕಟ್ಟಡ ಇಲ್ಲದ್ದಕ್ಕಲ್ಲ. ಚಿಕ್ಕಪ್ಪನ ಮನೆಯ ಮದುವೆ ನಡೆದ ಮಂಟಪದಲ್ಲಿ ಬಸವಣ್ಣನ ದೊಡ್ಡ ಪಟವಿತ್ತು. ನನ್ನ ತಂಗಿಯ ಅಂಗೈ ಮೇಲೆ ಧಾರೆಯ ಕಾಯಿಟ್ಟು ನಾವೆಲ್ಲ ಹಾಲೆರೆದೆವು. ಗಂಡು ಒಳಗಿನವರದ್ದೇ. ಜಾತಿಯ ಆಚೆ ಒಂದು ಹೆಜ್ಜೆ ಹುಡುಕಿದ್ದೆವಾ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮದುವೆ ಕಳೆದ ಮಾರನೆಯ ವಾರ ಯಡಿಯೂರಿಗೆ ಹೋಗಿದ್ದೆ. ಮಧ್ಯಾಹ್ನ ಜನ ಕಮ್ಮಿ. ಗದ್ದಿಗೆಯ ದರ್ಶನ ಮಾಡಿ ಹೊರಗೆ ಬಂದಾಗ ಹಣ್ಣುಕಾಯಿ ಅಂಗಡಿಯ ಮುಂದೆ ಒಂದು ಜೋಡಿ ನಿಂತಿತ್ತು. ಹುಡುಗಿಯ ತಾಳಿಯ ಅರಿಸಿನ ದಾರ ಇನ್ನೂ ಹೊಸದು. ಜೊತೆಯಲ್ಲಿ ಮೂವರು ಗೆಳೆಯರು, ಹಿರಿಯರು ಒಬ್ಬರೂ ಇಲ್ಲ. ಅವರವರ ಮಾತಿನಿಂದ ತಿಳಿಯಿತು: ಹುಡುಗ ತಿಪಟೂರು ಕಡೆಯವನು, ಹುಡುಗಿ ಹುಳಿಯಾರು ಕಡೆಯವಳು, ಕಚೇರಿಯ ಬೋರ್ಡಿನಲ್ಲಿ 30 ದಿನದ ನೋಟಿಸು ಮುಗಿಸಿ ಬೆಳಿಗ್ಗೆ ರಿಜಿಸ್ಟರ್ ಮಾಡಿಸಿಕೊಂಡು ಬಂದಿದ್ದರು. ಕೈಯಲ್ಲಿ ಜುಟ್ಟಿನ ಕಾಯಿ ಹಾಗೇ ಇತ್ತು. ಅಂಗಡಿಯ ಅಜ್ಜಿ, “ಯಾಕವ್ವ, ಕಾಯಿ ಒಡೆಸ್ನಿಲ್ವಾ?” ಎಂದಳು.

“ಅಮ್ಮ ಮಾತಾಡ್ಸಿದ್ ದಿನ ಒಡೆಸ್ತೀನಿ ಅಂದ್ಕೊಂಡಿದೀನಿ ಅಜ್ಜಿ.”

ಅಜ್ಜಿ ಸ್ವಲ್ಪ ಹೊತ್ತು ಆ ಹುಡುಗಿಯ ಮುಖವನ್ನೇ ನೋಡಿದಳು. ಆಮೇಲೆ ಕಾಯನ್ನು ಅವಳ ಕೈಯಿಂದ ತೆಗೆದುಕೊಂಡು ಬುಟ್ಟಿಗೆ ಹಾಕಿದಳು. ಒಳಗೆ ಹೋಗಿ ಗೋಣಿಚೀಲದಿಂದ ಸುಲಿಯದ ಕಾಯೊಂದನ್ನು ತಂದು, ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ, ಹುಡುಗಿಯ ಮಡಿಲಿಗೆ ಇಟ್ಟಳು.

“ಸುಲಿದಿದ್ದು ನಿಲ್ಲಕಿಲ್ಲ ಕಣವ್ವ. ಇದುನ್ನ ಅಟ್ಟಕ್ಕೆ ಹಾಕು.”